ಕೂಸು ಹುಟ್ಟೋ ಮುಂಚೆ ಕುಲಾವಿ: ಅಮೆರಿಕದ ‘ರಿಫಂಡ್ ಸಾಲ’ದ ಕಥೆ

1/10

ಹೋದ ವರ್ಷ ಜೂನ್ ಕೊನೇಲಿ ನಮ್ಮನೇಲಿ ಒಂದು ಸಣ್ಣ ವ್ಯವಹಾರ ನಡೀತು. ಅಮ್ಮನ ಎಫ್‌ಡಿ ಬಡ್ಡಿಯಿಂದ ಬ್ಯಾಂಕಿನವರು 6,200 ರೂಪಾಯಿ ಟಿಡಿಎಸ್ ಮುರಿದುಕೊಂಡಿದ್ರು. ಅಮ್ಮನಿಗೆ ಬೇರೆ ಆದಾಯ ಇಲ್ಲ, ತೆರಿಗೆ ಕಟ್ಟೋ ಪ್ರಶ್ನೆಯೇ ಇಲ್ಲ. ರಿಟರ್ನ್ ಹಾಕಿದ್ರೆ ಅಷ್ಟೂ ದುಡ್ಡು ವಾಪಸ್ ಬರುತ್ತೆ. ಆದ್ರೆ ಅದು ಬರೋ ಮೊದಲೇ ನನ್ನ ಕಾಲೇಜ್ ಫೀಸಿನ ಕೊನೇ ದಿನ ಬಂತು. ಅಮ್ಮ ಉಂಗುರ ಅಡ ಇಟ್ಟು 6,000 ತಂದ್ರು. "ರಿಫಂಡ್ ಬಂದ್ಮೇಲೆ ಬಿಡಿಸ್ಕೊಂಡ್ರಾಯ್ತು ಬಿಡೋ" ಅಂದ್ರು.

ಬಿಕಾಂ ಓದೋ ಮಗ ಮನೇಲಿ ಕೂತಿದ್ದೆ. ಇದು ಜಾಣತನವೋ ಅಲ್ಲವೋ ಅಂತ ಆವತ್ತು ಹೇಳೋಕಾಗಲಿಲ್ಲ. ಆಮೇಲೆ ಓದ್ತಾ ಹೋದೆ. ಅಮ್ಮ ಮಾಡಿದ್ದನ್ನೇ, ಅಂದ್ರೆ ಬರಬೇಕಾದ ತೆರಿಗೆ ರಿಫಂಡ್ ನಂಬ್ಕೊಂಡು ಸಾಲ ಮಾಡೋದನ್ನ, ಒಂದು ದೇಶ ಕೋಟ್ಯಂತರ ಡಾಲರಿನ ವ್ಯಾಪಾರ ಮಾಡಿತ್ತು. ಆ ದೇಶ ಅಮೆರಿಕ. ಸುಮಾರು 25 ವರ್ಷ ಜೋರಾಗಿ ನಡೆದ ಆ ವ್ಯಾಪಾರ 2012ರಲ್ಲಿ ಹೆಚ್ಚೂಕಮ್ಮಿ ನಿಂತೇಹೋಯ್ತು. ಆಮೇಲೆ ವೇಷ ಬದಲಾಯಿಸಿ ಮತ್ತೆ ಬಂತು.

ಈ ವಾರದ ಸರಣಿ ಅದರ ಬಗ್ಗೆ. ಹತ್ತು ಭಾಗ ಇದೆ. ಉದ್ದ ಆಯ್ತು ಅನ್ನಿಸಿದ್ರೆ ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

2/10: ರಿಫಂಡ್ ಅನ್ನೋದು ಹುಟ್ಟಿದ್ದು ಹೇಗೆ?

ರಿಫಂಡ್ ಬರಬೇಕಾದ್ರೆ ಮೊದಲು ಯಾರೋ ಜಾಸ್ತಿ ಮುರಿದುಕೊಂಡಿರಬೇಕು. ಅಮೆರಿಕದಲ್ಲಿ ಅದು ಈಗಿನ ರೂಪದಲ್ಲಿ ಶುರುವಾಗಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ.

ಅದಕ್ಕೆ ಮುಂಚೆ ಅಲ್ಲಿ ಆದಾಯ ತೆರಿಗೆ ಅಂದ್ರೆ ಅನುಕೂಲಸ್ಥರ ತಲೆನೋವು. 1939ರಲ್ಲಿ ತೆರಿಗೆ ಕಟ್ತಿದ್ದವರು ಸುಮಾರು 40 ಲಕ್ಷ ಜನ ಮಾತ್ರ. ಯುದ್ಧಕ್ಕೆ ದುಡ್ಡು ಬೇಕಾಯ್ತು, ಕಾನೂನು ಬದಲಾಯ್ತು, 1945ರ ಹೊತ್ತಿಗೆ ಆ ಸಂಖ್ಯೆ 4 ಕೋಟಿ ದಾಟ್ತು. ಇಷ್ಟು ಜನ ಕೂಲಿ ಕಾರ್ಮಿಕರು, ಗುಮಾಸ್ತರು ವರ್ಷದ ಕೊನೇಲಿ ಒಟ್ಟಿಗೆ ದುಡ್ಡು ತಂದು ಕಟ್ತಾರೆ ಅಂತ ನಂಬೋಕಾಗಲ್ಲ ಅಲ್ವಾ? ಹಾಗಾಗಿ ಸಂಬಳ ಕೈಗೆ ಬರೋ ಮುಂಚೇನೇ ಮಾಲೀಕರು ತೆರಿಗೆ ಮುರಿದು ಸರ್ಕಾರಕ್ಕೆ ಕಟ್ಟಬೇಕು ಅನ್ನೋ ವ್ಯವಸ್ಥೆ 1943ರ ಜುಲೈನಿಂದ ಜಾರಿಗೆ ಬಂತು.

‘ಆಯಾ ವರ್ಷದ ತೆರಿಗೆ ಆಯಾ ವರ್ಷವೇ’ ಅನ್ನೋ ಯೋಚನೆಯನ್ನ ಜನಪ್ರಿಯ ಮಾಡಿದವರು ಬಿಯರ್ಡ್ಸ್‌ಲೀ ರಮ್ಲ್. ಅವರು ಮೇಸೀಸ್ ಅನ್ನೋ ದೊಡ್ಡ ಅಂಗಡಿಯ ಖಜಾಂಚಿ, ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕಿನ ಅಧ್ಯಕ್ಷರೂ ಆಗಿದ್ರು. ಆಗ ಖಜಾನೆ ಇಲಾಖೆಯಲ್ಲಿ ಈ ಕೆಲಸಕ್ಕೆ ಕೈಹಾಕಿದ್ದ ಯುವಕರಲ್ಲಿ ಒಬ್ಬರು ಮಿಲ್ಟನ್ ಫ್ರೀಡ್‌ಮನ್. ಹೌದು, ನಮ್ಮ ಎಕನಾಮಿಕ್ಸ್ ಪಠ್ಯದಲ್ಲಿ ಬರೋ ಅದೇ ಫ್ರೀಡ್‌ಮನ್. ಸರ್ಕಾರದ ಕೈ ಚಿಕ್ಕದಿರಬೇಕು ಅಂತ ಜೀವನಪೂರ್ತಿ ವಾದಿಸಿದವರು ಸರ್ಕಾರಕ್ಕೆ ದುಡ್ಡು ಎಳೆಯೋ ಅತ್ಯಂತ ಸುಲಭದ ಯಂತ್ರ ಕಟ್ಟೋಕೆ ನೆರವಾಗಿದ್ರು!

ಪ್ರತಿ ಸಂಬಳದಲ್ಲೂ ಅಂದಾಜಿನ ಮೇಲೆ ಮುರಿದ್ರೆ ವರ್ಷದ ಕೊನೇಲಿ ಲೆಕ್ಕ ಸರಿಯಾಗಿ ಕೂರಲ್ಲ. ಬಹಳ ಜನಕ್ಕೆ ಹೆಚ್ಚೇ ಮುರಿದಿರುತ್ತೆ. ಆ ಹೆಚ್ಚಿನದ್ದೇ ರಿಫಂಡ್. ಅಂದ್ರೆ ಇದು ಸರ್ಕಾರದ ಬಹುಮಾನ ಅಲ್ಲ. ನಮ್ಮ ದುಡ್ಡು ಬಡ್ಡಿ ಇಲ್ಲದೆ ಸ್ವಲ್ಪ ದಿನ ಅವರ ಹತ್ರ ಇತ್ತು, ಅಷ್ಟೇ.

3/10: ಒಂದು ಅಂಗಡಿ, ಒಂದು ಕಾನೂನು

ರಿಫಂಡ್ ಬಂತು ಸರಿ. ಅದನ್ನ ಕೇಳೋ ಫಾರಂ ತುಂಬೋದು ಯಾರು?

ಮೊದಮೊದಲು ಅಮೆರಿಕದ ತೆರಿಗೆ ಇಲಾಖೆಯವರೇ (ಐಆರ್‌ಎಸ್) ತಮ್ಮ ಊರೂರಿನ ಕಚೇರಿಗಳಲ್ಲಿ ಜನಕ್ಕೆ ಬಿಟ್ಟಿಯಾಗಿ ರಿಟರ್ನ್ ಬರೆದುಕೊಡ್ತಿದ್ರು. 1955ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಆ ಸೇವೆ ನಿಲ್ತು. ಅದೇ ಊರಲ್ಲಿ ಅಣ್ಣತಮ್ಮಂದಿರಿಬ್ಬರು ಅಂಗಡಿಗಳ ಲೆಕ್ಕಪತ್ರ ಬರೆದುಕೊಡ್ತಾ ಇದ್ರು: ಹೆನ್ರಿ ಬ್ಲಾಕ್, ರಿಚರ್ಡ್ ಬ್ಲಾಕ್. ತೆರಿಗೆ ಕೆಲಸ ತಲೆನೋವು, ಬಿಟ್ಟುಬಿಡೋಣ ಅಂತಿದ್ದವರು, ಗಿರಾಕಿಯೊಬ್ಬರ ಸಲಹೆ ಕೇಳಿ ಪೇಪರಿಗೆ ಒಂದು ಜಾಹೀರಾತು ಕೊಟ್ರು. 5 ಡಾಲರಿಗೆ ರಿಟರ್ನ್ ಬರೆದುಕೊಡ್ತೀವಿ ಅಂತ. ಅಂಗಡಿ ತುಂಬಿಹೋಯ್ತು. ಎಚ್ ಆಂಡ್ ಆರ್ ಬ್ಲಾಕ್ ಕಂಪನಿ ಹುಟ್ಟಿದ್ದು ಹೀಗೆ. ಬಿಟ್ಟಿ ಕೌಂಟರ್ ಮುಚ್ಚಿದ ಕಡೆ ಕಾಸಿನ ಕೌಂಟರ್ ತೆರೀತು. ಈ ಮಾತು ನೆನಪಿಡಿ, ಕೊನೇ ಭಾಗದಲ್ಲಿ ಬೇಕಾಗುತ್ತೆ.

ಇಪ್ಪತ್ತು ವರ್ಷ ಆದ್ಮೇಲೆ, 1975ರ ಮಾರ್ಚ್ 29ಕ್ಕೆ, ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಒಂದು ಕಾನೂನಿಗೆ ಸಹಿ ಹಾಕಿದ್ರು. ಅದರಲ್ಲಿ ‘ಅರ್ನ್ಡ್ ಇನ್‌ಕಮ್ ಕ್ರೆಡಿಟ್’ ಅನ್ನೋ ಹೊಸ ಅಂಶ ಇತ್ತು. ಮಕ್ಕಳಿರೋ, ಕಡಿಮೆ ಸಂಬಳಕ್ಕೆ ದುಡಿಯೋ ಕುಟುಂಬಗಳಿಗೆ ಗಳಿಕೆಯ 10%, ಗರಿಷ್ಠ 400 ಡಾಲರ್. ವಿಶೇಷ ಏನಂದ್ರೆ, ಕಟ್ಟಿದ ತೆರಿಗೆಗಿಂತ ಈ ಮೊತ್ತ ಜಾಸ್ತಿ ಆದ್ರೆ ಉಳಿದದ್ದನ್ನ ಸರ್ಕಾರ ರಿಫಂಡ್ ಜೊತೆ ಕೈಗೇ ಕೊಡುತ್ತೆ. 1986, 1990, 1993ರಲ್ಲಿ ಇದು ಹಿಗ್ಗಿ ಸಾವಿರಾರು ಡಾಲರ್ ಆಯ್ತು.

ಪರಿಣಾಮ ಏನಾಯ್ತು? ಬಡ ಕುಟುಂಬಕ್ಕೆ ವರ್ಷದಲ್ಲೇ ಅತಿ ದೊಡ್ಡ ಮೊತ್ತ ಕೈಗೆ ಸಿಗೋ ದಿನ ಅಂದ್ರೆ ರಿಫಂಡ್ ಬರೋ ದಿನ ಅನ್ನೋ ಹಾಗಾಯ್ತು. ಮನೆ ಬಾಡಿಗೆ ಬಾಕಿ, ಚಳಿಗಾಲದ ಹೀಟರ್ ಬಿಲ್, ಕಾರ್ ರಿಪೇರಿ ಎಲ್ಲಾ ಆ ಒಂದು ಚೆಕ್ಕಿಗೆ ಕಾಯ್ತಾ ಕೂರ್ತಿದ್ವು. ಕಾಯೋರು ಇದ್ದ ಕಡೆ ಕಾಯೋದಕ್ಕೆ ಬೆಲೆ ಕಟ್ಟೋರೂ ಬರ್ತಾರೆ.

4/10: ಕೆನಡಾ ಮೊದಲೇ ಎಚ್ಚೆತ್ತಿತ್ತು

ಅಮೆರಿಕದ ಕಥೆ ಮುಂದುವರಿಸೋ ಮುಂಚೆ ಪಕ್ಕದ ಮನೆಗೆ ಒಂದು ಇಣುಕು. 1970ರ ದಶಕದಲ್ಲಿ ಕೆನಡಾದಲ್ಲಿ ‘ಡಿಸ್ಕೌಂಟರ್’ಗಳು ಇದ್ರು. "ನಿನಗೆ ಬರೋ ರಿಫಂಡ್ ನನಗೆ ಮಾರು, ಈಗಲೇ ಕಾಸು ಕೊಡ್ತೀನಿ" ಅನ್ನೋರು. ಕೊಡೋದು ಮಾತ್ರ ಪೂರ್ತಿ ಅಲ್ಲ, ಅದರಲ್ಲಿ ದೊಡ್ಡ ಪಾಲು ಹಿಡ್ಕೊಂಡು ಉಳಿದದ್ದು. ನಮ್ಮಲ್ಲಿ ಬೆಳೆ ಕೊಯ್ಲಿಗೆ ಬರೋ ಮುಂಚೇನೇ ಹೊಲದಲ್ಲಿ ನಿಂತು ಕಡಿಮೆ ರೇಟಿಗೆ ಮಾತಾಡ್ಕೊಂಡು ಹೋಗೋ ದಲ್ಲಾಳಿಗಳ ಹಾಗೆ.

1978ರಲ್ಲಿ ಅಲ್ಲಿನ ಸಂಸತ್ತು ಇದಕ್ಕೇ ಅಂತ ಒಂದು ಕಾಯ್ದೆ ತಂತು. ಈಗಿರೋ ನಿಯಮ ಹೀಗಿದೆ: ಮೊದಲ 300 ಡಾಲರ್ ಮೇಲೆ 15%ಗಿಂತ, ಅದರ ಮೇಲಿನ ಮೊತ್ತಕ್ಕೆ 5%ಗಿಂತ ಹೆಚ್ಚು ಹಿಡಿಯೋ ಹಾಗಿಲ್ಲ.

ವ್ಯಾಪಾರ ನಿಲ್ಲಿಸಲಿಲ್ಲ, ಮಿತಿ ಹಾಕಿದ್ರು. ಅಮೆರಿಕ ಇಂಥ ಒಂದೇ ರಾಷ್ಟ್ರೀಯ ಮಿತಿ ಹಾಕಲಿಲ್ಲ. ಅಲ್ಲಿ ಏನಾಯ್ತು ಅನ್ನೋದು ಮುಂದೆ.

5/10: ಕಂಪ್ಯೂಟರ್ ಬಂತು, ಸಾಲ ಹುಟ್ತು

1986. ಐಆರ್‌ಎಸ್ ಮೂರು ಕಡೆ ಒಂದು ಪ್ರಯೋಗ ಮಾಡ್ತು: ಸಿನ್ಸಿನಾಟಿ, ಫೀನಿಕ್ಸ್, ರಾಲೀ-ಡರ್ಹಮ್. ರಿಟರ್ನ್ ಕಾಗದದಲ್ಲಿ ಅಂಚೆಗೆ ಹಾಕೋ ಬದಲು ಕಂಪ್ಯೂಟರಿಂದ ಕಂಪ್ಯೂಟರಿಗೆ ಕಳಿಸೋದು. ಆ ವರ್ಷ ಹೋಗಿದ್ದು ಸುಮಾರು 25 ಸಾವಿರ ರಿಟರ್ನ್. 1990ಕ್ಕೆ ಇದು ಇಡೀ ದೇಶಕ್ಕೆ ಹರಡ್ತು.

ಕಾಗದದ ರಿಟರ್ನ್ ಅಂದ್ರೆ ವಾರಗಟ್ಟಲೆ ಕಾಯಬೇಕು. ಇ-ಫೈಲಿಂಗ್ ಅದನ್ನ ಎರಡು ಮೂರು ವಾರಕ್ಕೆ ಇಳಿಸ್ತು. ಕಾಯೋದು ಕಡಿಮೆ ಆದ್ರೆ ಸಾಲದ ಅಗತ್ಯ ಕಡಿಮೆ ಆಗ್ಬೇಕಿತ್ತು. ಆಗಿದ್ದು ಉಲ್ಟಾ.

ಯಾಕಂದ್ರೆ ಅದೇ ಕಂಪ್ಯೂಟರ್ ಬ್ಯಾಂಕಿಗೆ ಎರಡು ಧೈರ್ಯ ಕೊಟ್ಟಿತ್ತು. ಒಂದು, ರಿಟರ್ನ್ ಸ್ವೀಕಾರ ಆಯ್ತು ಅನ್ನೋ ಸುದ್ದಿ ಬೇಗ ಬರ್ತಿತ್ತು. ಎರಡು, ರಿಫಂಡ್ ನೇರವಾಗಿ ಬ್ಯಾಂಕ್ ಖಾತೆಗೆ ಬೀಳೋ ಹಾಗಾಯ್ತು. ಗಿರಾಕಿಯ ಹೆಸರಲ್ಲಿ ಬ್ಯಾಂಕೇ ಒಂದು ತಾತ್ಕಾಲಿಕ ಖಾತೆ ತೆರೆಯುತ್ತೆ. ಸಾಲ ಒಂದೆರಡು ದಿನದಲ್ಲಿ ಗಿರಾಕಿ ಕೈಗೆ. ಆಮೇಲೆ ರಿಫಂಡ್ ಆ ಖಾತೆಗೆ ಬಿದ್ದ ತಕ್ಷಣ ಬ್ಯಾಂಕ್ ತನ್ನ ಅಸಲು, ಫೀಸು ಎರಡೂ ಎತ್ಕೊಳ್ಳುತ್ತೆ. ಇದರ ಹೆಸರು ‘ರಿಫಂಡ್ ಆಂಟಿಸಿಪೇಶನ್ ಲೋನ್’. ನಾವು ರಿಫಂಡ್ ಸಾಲ ಅನ್ನೋಣ.

ಈ ವ್ಯಾಪಾರದ ಮುಂಚೂಣಿಯಲ್ಲಿದ್ದದ್ದು ಬೆನಿಫಿಶಿಯಲ್ ಅನ್ನೋ ಸಾಲದ ಸಂಸ್ಥೆಯ ಬ್ಯಾಂಕ್. ಅದು ಎಚ್ ಆಂಡ್ ಆರ್ ಬ್ಲಾಕ್ ಜೊತೆ ಕೈ ಸೇರಿಸ್ತು. 1998ರಲ್ಲಿ ಬೆನಿಫಿಶಿಯಲನ್ನ ಹೌಸ್‌ಹೋಲ್ಡ್ ಕೊಂಡುಕೊಳ್ತು, 2003ರಲ್ಲಿ ಹೌಸ್‌ಹೋಲ್ಡನ್ನ ಎಚ್‌ಎಸ್‌ಬಿಸಿ ಕೊಂಡುಕೊಳ್ತು. ಹೀಗೆ ಲಂಡನ್ನಿನ ದೊಡ್ಡ ಬ್ಯಾಂಕೊಂದು ಅಮೆರಿಕದ ಬಡವರ ರಿಫಂಡ್ ಮೇಲೆ ಸಾಲ ಕೊಡೋ ಸ್ಥಿತಿಗೆ ಬಂತು.

ಕೌಂಟರಿನಲ್ಲಿ ಮಾತ್ರ ‘ಸಾಲ’ ಅನ್ನೋ ಪದ ಜೋರಾಗಿ ಕೇಳ್ತಿರಲಿಲ್ಲ. ‘ರ್‍ಯಾಪಿಡ್ ರಿಫಂಡ್’ ಅನ್ನೋ ಜಾಹೀರಾತು ನೋಡಿ ಬಂದ ಎಷ್ಟೋ ಜನಕ್ಕೆ ತಾವು ತಗೊಂಡಿದ್ದು ಸಾಲ ಅಂತಾನೇ ಗೊತ್ತಿರಲಿಲ್ಲ ಅನ್ನೋ ದೂರುಗಳು ಕೋರ್ಟಿಗೂ ಹೋದ್ವು.

6/10: ಲೆಕ್ಕ ಮಾಡೋಣ ಬನ್ನಿ

ಫೋಟೋದಲ್ಲಿರೋದು ನನ್ನ ನೋಟ್‌ಬುಕ್ ಪುಟ. ಅಕ್ಷರ ಕೆಟ್ಟದಾಗಿದೆ, ಬೈಬೇಡಿ.

ಉದಾಹರಣೆಗೆ: ರಿಫಂಡ್ 3,000 ಡಾಲರ್ ಬರಬೇಕು. ಅಷ್ಟೂ ಸಾಲ ತಗೊಂಡ್ರಿ. ಫೀಸು 100 ಡಾಲರ್. ರಿಫಂಡ್ 10 ದಿನದಲ್ಲಿ ಬಂದು ಸಾಲ ತೀರ್ತು.

ಕೌಂಟರಲ್ಲಿ ಕೂತವನು ಹೇಳೋದು: "ಮೂರು ಸಾವಿರಕ್ಕೆ ಬರೀ ನೂರು ಡಾಲರ್, ಮೂರೂ ಕಾಲು ಪರ್ಸೆಂಟ್ ಚಿಲ್ಲರೆ." ಕೇಳೋಕೆ ಕಮ್ಮಿ. ಆದ್ರೆ ಅದು ಹತ್ತು ದಿನಕ್ಕೆ! ನಮ್ಮೂರ ಭಾಷೆಯಲ್ಲಿ ಹೇಳೋದಾದ್ರೆ ತಿಂಗಳಿಗೆ ನೂರಕ್ಕೆ ಹತ್ತು ರೂಪಾಯಿ ಬಡ್ಡಿ. ವರ್ಷದ ಲೆಕ್ಕದಲ್ಲಿ ಸುಮಾರು 122%. ನೂರಕ್ಕೆ ಮೂರು ರೂಪಾಯಿ ಬಡ್ಡಿ ಅಂದ್ರೇನೇ ನಮ್ಮಜ್ಜಿ "ಅಯ್ಯೋ ರಕ್ತ ಹೀರ್ತಾರೆ" ಅಂತಿದ್ರು.

ಈಗ ಮೊತ್ತ ಚಿಕ್ಕದು ಮಾಡಿ. 300 ಡಾಲರ್ ಸಾಲ, 30 ಡಾಲರ್ ಫೀಸು, ಅದೇ 10 ದಿನ. ವರ್ಷಕ್ಕೆ 365%. ಸಾಲ ಚಿಕ್ಕದಾದಷ್ಟೂ ದರ ಏರುತ್ತೆ, ಯಾಕಂದ್ರೆ ಫೀಸು ಅದೇ ಪ್ರಮಾಣದಲ್ಲಿ ಇಳಿಯಲ್ಲ. ಕಡಿಮೆ ಇದ್ದವರಿಗೇ ಜಾಸ್ತಿ ಹೊರೆ.

ಸಾಮಾನ್ಯವಾಗಿ ಹೆಚ್ಚು ಬಡ್ಡಿಗೆ ಕೊಡೋ ಕಾರಣ ಏನು? ಅಪಾಯ. ದುಡ್ಡು ವಾಪಸ್ ಬರದೇ ಹೋಗಬಹುದು ಅನ್ನೋ ಭಯ. ಇಲ್ಲಿ ದುಡ್ಡು ಕೊಡಬೇಕಾದವರು ಯಾರು? ಅಮೆರಿಕದ ಖಜಾನೆ! ಜಗತ್ತಲ್ಲಿ ಅದಕ್ಕಿಂತ ಗಟ್ಟಿ ಸಾಲಗಾರ ಇಲ್ಲ ಅಂತ ನಮಗೆ ಫೈನಾನ್ಸ್ ಕ್ಲಾಸಲ್ಲಿ ಹೇಳ್ಕೊಡ್ತಾರೆ. ಹಾಗಂತ ಅಪಾಯ ಸೊನ್ನೆ ಏನಲ್ಲ. ಸುಳ್ಳು ರಿಟರ್ನ್ ಇರಬಹುದು, ಲೆಕ್ಕ ತಪ್ಪಿರಬಹುದು. ಆದ್ರೂ 122%ಗೆ ಅದೊಂದೇ ಸಮಜಾಯಿಷಿ ಸಾಲದು.

ರಿಫಂಡ್ ಕಡಿಮೆ ಬಂದ್ರೆ ಅಥವಾ ತಡೆಹಿಡಿದ್ರೆ? ಸಾಲ ಗಿರಾಕಿಯ ತಲೆ ಮೇಲೇ. ಈ ವರ್ಷದ ಬಾಕಿಯನ್ನ ಮುಂದಿನ ವರ್ಷದ ರಿಫಂಡಲ್ಲಿ, ಬೇರೆ ಬ್ಯಾಂಕಿಗೆ ಹೋದ್ರೂ ಬಿಡದೆ ಮುರಿದುಕೊಳ್ತಿದ್ರು.

7/10: ತಗೊಂಡವರು ದಡ್ಡರಾ?

ಈ ಭಾಗ ಬರೆಯೋಕೆ ನನಗೆ ಹೆಚ್ಚು ಟೈಮ್ ಹಿಡೀತು. ಯಾಕಂದ್ರೆ ‘ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಪ್ಪ’ ಅಂತ ಗಾದೆ ಹೇಳಿ ಮುಗಿಸೋದು ಬಹಳ ಸುಲಭ.

ಉತ್ತುಂಗದಲ್ಲಿ, 2002ರಲ್ಲಿ, ಸುಮಾರು 1 ಕೋಟಿ 27 ಲಕ್ಷ ಜನ ಈ ಸಾಲ ತಗೊಂಡಿದ್ರು. ಫೀಸಿಗೇ ಸುಮಾರು 110 ಕೋಟಿ ಡಾಲರ್ ಹೋಗಿತ್ತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಡ ದುಡಿಯುವ ಕುಟುಂಬಗಳಿಗೆ ಸಿಗೋ ಆ ಕ್ರೆಡಿಟ್ ಪಡೆಯೋರು. ಅಂದ್ರೆ ಬಡತನ ಕಡಿಮೆ ಮಾಡೋಕೆ ಅಂತ ಸರ್ಕಾರ ಕೊಟ್ಟ ದುಡ್ಡಲ್ಲಿ ಒಂದು ಪಾಲು ದಾರೀಲೇ ಸೋರಿಹೋಗ್ತಿತ್ತು.

ಯಾಕೆ ತಗೊಂಡ್ರು?

ಒಂದು, ಜನವರಿ ಕೊನೆ ಅಂದ್ರೆ ಚಳಿ, ಹಬ್ಬದ ಖರ್ಚಿನ ಬಾಕಿ, ಬಾಡಿಗೆ ನೋಟಿಸು. ಮನೆ ಬಿಡಿಸೋ ಬೆದರಿಕೆ ಇದ್ದವರಿಗೆ ಹತ್ತು ದಿನ ಅಂದ್ರೆ ಬರೀ ಹತ್ತು ದಿನ ಅಲ್ಲ.

ಎರಡು, ರಿಟರ್ನ್ ಬರೆಸೋ ಫೀಸನ್ನ ಮೊದಲೇ ಕಟ್ಟೋಕೆ ಕೈಯಲ್ಲಿ ಕಾಸಿರ್ತಿರಲಿಲ್ಲ. ಸಾಲ ತಗೊಂಡ್ರೆ ಆ ಫೀಸೂ ಅದರಲ್ಲೇ ಮುರೀತಿತ್ತು.

ಮೂರು, ಬ್ಯಾಂಕ್ ಖಾತೆಯೇ ಇಲ್ಲದವರು ಬಹಳ ಇದ್ರು. ಖಾತೆ ಇಲ್ಲ ಅಂದ್ರೆ ನೇರ ಜಮೆ ಇಲ್ಲ, ಕಾಗದದ ಚೆಕ್ಕಿಗೆ ಇನ್ನೂ ಹೆಚ್ಚು ದಿನ.

ಇಲ್ಲಿ ಒಂದು ವಿಚಿತ್ರ ಇದೆ. ಆ ಕ್ರೆಡಿಟ್ಟಿನ ಒಂದು ಭಾಗವನ್ನ ತಿಂಗಳ ಸಂಬಳದ ಜೊತೆ ಮುಂಗಡವಾಗಿ ತಗೊಳ್ಳೋ ಅವಕಾಶ 1979ರಿಂದ 2010ರವರೆಗೆ ಕಾನೂನಲ್ಲೇ ಇತ್ತು. ಸಾಲ ಬೇಡ, ಫೀಸು ಬೇಡ. ಆದ್ರೆ ಅರ್ಹರಲ್ಲಿ ಬಳಸ್ಕೊಂಡವರು ನೂರಕ್ಕೆ ಬೆರಳೆಣಿಕೆಯಷ್ಟು ಜನ. ಕೆಲವರಿಗೆ ಆ ಸೌಲಭ್ಯ ಇದೆ ಅಂತಾನೇ ಗೊತ್ತಿರಲಿಲ್ಲ. ಮಾಲೀಕರ ಹತ್ರ ಹೋಗಿ ಫಾರಂ ಕೊಡೋಕೆ ಮುಜುಗರ. ಜಾಸ್ತಿ ತಗೊಂಡುಬಿಟ್ರೆ ವರ್ಷದ ಕೊನೇಲಿ ವಾಪಸ್ ಕಟ್ಟಬೇಕಾಗುತ್ತೆ ಅನ್ನೋ ಭಯ. ಜೊತೆಗೆ ಇನ್ನೊಂದು: ತಿಂಗಳು ತಿಂಗಳು ಬಂದ್ರೆ ಖರ್ಚಾಗಿಹೋಗುತ್ತೆ, ಒಟ್ಟಿಗೆ ಬಂದ್ರೆ ಏನಾದ್ರೂ ಆಗುತ್ತೆ ಅನ್ನೋ ಲೆಕ್ಕಾಚಾರ. ನಮ್ಮಮ್ಮಂದಿರು ಚೀಟಿ ಹಾಕೋದು ಇದೇ ಕಾರಣಕ್ಕೆ ಅಲ್ವಾ?

ಹಾಗಾಗಿ ಅವರನ್ನ ದಡ್ಡರು ಅನ್ನೋಕೆ ನನಗೆ ಮನಸ್ಸಾಗಲಿಲ್ಲ. ವರ್ಷವಿಡೀ ತಾಳ್ಮೆಯಿಂದ ಕೂಡಿಟ್ಟು, ಕೊನೇ ಹತ್ತು ದಿನದಲ್ಲಿ ಸೋತವರು ಅವರು.

8/10: ಒಂದು ಗುಟ್ಟಿನ ಸಂಕೇತ, ಒಂದು ಕೋರ್ಟ್ ತೀರ್ಪು

ಈ ವ್ಯಾಪಾರದ ಜೀವನಾಡಿ ಎಲ್ಲಿತ್ತು ಗೊತ್ತಾ? ಬ್ಯಾಂಕಲ್ಲಿ ಅಲ್ಲ, ತೆರಿಗೆ ಇಲಾಖೆಯಲ್ಲೇ.

ಇ-ಫೈಲ್ ಮಾಡಿದಾಗ ಐಆರ್‌ಎಸ್ ಒಂದು ಸಂಕೇತ ವಾಪಸ್ ಕಳಿಸ್ತಿತ್ತು. ಈ ವ್ಯಕ್ತಿಗೆ ಹಳೇ ತೆರಿಗೆ ಬಾಕಿ, ಮಕ್ಕಳ ಜೀವನಾಂಶದ ಬಾಕಿ, ಸರ್ಕಾರಿ ವಿದ್ಯಾರ್ಥಿ ಸಾಲದ ಬಾಕಿ ಇದೆಯಾ, ಇಲ್ವಾ? ಬಾಕಿ ಇದ್ರೆ ರಿಫಂಡಲ್ಲಿ ಅದನ್ನ ಮುರಿದುಕೊಳ್ತಾರೆ. ಇದಕ್ಕೆ ‘ಡೆಟ್ ಇಂಡಿಕೇಟರ್’ ಅನ್ನೋರು. ಸಾಲ ಕೊಡೋ ಬ್ಯಾಂಕಿಗೆ ಇದಕ್ಕಿಂತ ಒಳ್ಳೇ ಮಾಹಿತಿ ಇನ್ನೇನು ಬೇಕು? ಸರ್ಕಾರವೇ ಬಿಟ್ಟಿಯಾಗಿ ಕ್ರೆಡಿಟ್ ರಿಪೋರ್ಟ್ ಕೊಟ್ಟ ಹಾಗೆ.

ಮೋಸದ ರಿಟರ್ನ್ ಹೆಚ್ಚಾದಾಗ 1995ರ ಸೀಸನ್ನಿಗೆ ಈ ಸಂಕೇತ ನಿಲ್ಲಿಸಿದ್ರು. ಸಾಲಗಳ ಸಂಖ್ಯೆ ಇಳೀತು, ಫೀಸು ಏರ್ತು. 2000ದ ಸೀಸನ್ನಿಗೆ ಮತ್ತೆ ಕೊಟ್ರು. ವ್ಯಾಪಾರ ಮತ್ತೆ ಚಿಗುರಿ 2002ರ ಉತ್ತುಂಗ ಮುಟ್ತು. ಇ-ಫೈಲಿಂಗ್ ಹೆಚ್ಚಿಸಬೇಕು ಅನ್ನೋ ಆಸೆ ಇಲಾಖೆಗಿತ್ತು, ಸಾಲದ ಆಸೆಗೆ ಬರೋ ಗಿರಾಕಿಗಳೂ ಇ-ಫೈಲ್ ಮಾಡೋರೇ.

ಬಡ್ಡಿಗೆ ಮಿತಿ ಹಾಕೋ ಕಾನೂನು ರಾಜ್ಯಗಳಲ್ಲಿ ಇರಲಿಲ್ವಾ? ಇತ್ತು. ಅಲಬಾಮಾದ 26 ಮಂದಿ ತೆರಿಗೆದಾರರು ಬೆನಿಫಿಶಿಯಲ್ ಬ್ಯಾಂಕ್ ಮತ್ತಿತರರ ಮೇಲೆ ಕೇಸ್ ಹಾಕಿದ್ರು. ರಿಫಂಡ್ ಒತ್ತೆ ಇಟ್ಟು ತಗೊಂಡ ಸಾಲಕ್ಕೆ ನಮ್ಮ ರಾಜ್ಯದ ಮಿತಿ ಮೀರಿ ಬಡ್ಡಿ ಹಾಕಿದ್ದಾರೆ ಅಂತ. ಕೇಸ್ ಸುಪ್ರೀಂ ಕೋರ್ಟ್ ತನಕ ಹೋಯ್ತು. 2003ರ ಜೂನ್‌ನಲ್ಲಿ 7-2ರ ಬಹುಮತದಲ್ಲಿ ತೀರ್ಪು ಬಂತು: ರಾಷ್ಟ್ರೀಯ ಬ್ಯಾಂಕುಗಳ ಮೇಲಿನ ದುಬಾರಿ ಬಡ್ಡಿಯ ದೂರು ಕೇಂದ್ರದ ಬ್ಯಾಂಕ್ ಕಾಯ್ದೆಯಡಿ ಮಾತ್ರ ನಡೆಯುತ್ತೆ, ರಾಜ್ಯದ ಕಾನೂನಿನಡಿ ಅಲ್ಲ. ಆ ಕೇಂದ್ರ ಕಾಯ್ದೆ ಪ್ರಕಾರ ಬ್ಯಾಂಕು ತನ್ನ ತವರು ರಾಜ್ಯದಲ್ಲಿ ನಡೆಯೋ ದರವನ್ನ ಬೇರೆ ರಾಜ್ಯದ ಗಿರಾಕಿಗೂ ಹಾಕಬಹುದು ಅಂತ 1978ರಲ್ಲೇ ಇನ್ನೊಂದು ತೀರ್ಪು ಬಂದಿತ್ತು. ಹಾಗಾಗಿ ಬ್ಯಾಂಕುಗಳು ಮಿತಿ ಸಡಿಲ ಇರೋ ರಾಜ್ಯದಲ್ಲಿ ಬೋರ್ಡ್ ಹಾಕ್ಕೊಂಡು ದೇಶದೆಲ್ಲೆಡೆ ಸಾಲ ಕೊಡ್ತಿದ್ವು.

ಅಲಬಾಮಾದವರ ಬಡ್ಡಿ ನ್ಯಾಯವೋ ಅನ್ಯಾಯವೋ ಅನ್ನೋದನ್ನ ಸುಪ್ರೀಂ ಕೋರ್ಟ್ ತೀರ್ಮಾನಿಸಲೇ ಇಲ್ಲ. ಯಾವ ಬಾಗಿಲಿಗೆ ಹೋಗಬೇಕು ಅಂತಷ್ಟೇ ಹೇಳ್ತು.

9/10: ಬಿದ್ದದ್ದು ಹೇಗೆ, ಮತ್ತೆ ಎದ್ದದ್ದು ಹೇಗೆ

ಮೊದಲ ಪೆಟ್ಟು ಬಿದ್ದಿದ್ದು ಸೈನಿಕರ ಕಡೆಯಿಂದ. ಸಾಲದ ಶೂಲದಲ್ಲಿರೋ ಯೋಧ ನೆಮ್ಮದಿಯಾಗಿ ಕೆಲಸ ಮಾಡಲಾರ ಅಂತ 2006ರಲ್ಲಿ ಒಂದು ಕಾನೂನು ಬಂತು. ಸೈನಿಕ ಕುಟುಂಬಗಳಿಗೆ ಕೊಡೋ ಇಂಥ ಸಾಲಗಳಿಗೆ ವರ್ಷಕ್ಕೆ 36%ಗಿಂತ ಹೆಚ್ಚು ಹಾಕೋ ಹಾಗಿಲ್ಲ. ರಿಫಂಡ್ ಸಾಲವೂ ಅದರಲ್ಲಿ ಸೇರಿತ್ತು. ಅದೇ ನಮ್ಮಜ್ಜಿಯ ‘ನೂರಕ್ಕೆ ಮೂರು’!

ಆಮೇಲೆ 2008ರ ಬ್ಯಾಂಕ್ ಕುಸಿತ. ನಿಯಂತ್ರಕರು ಕಣ್ಣು ಬಿಟ್ಟರು. 2010ರ ಆಗಸ್ಟ್‌ನಲ್ಲಿ ಐಆರ್‌ಎಸ್ ಘೋಷಿಸ್ತು: ಮುಂದಿನ ಸೀಸನ್ನಿಂದ ಆ ಸಂಕೇತ ಕೊಡಲ್ಲ. ಅದೇ ವರ್ಷ ಜೆಪಿ ಮಾರ್ಗನ್ ಚೇಸ್ ಈ ಕೆಲಸದಿಂದ ಹಿಂದೆ ಸರೀತು. ಡಿಸೆಂಬರಲ್ಲಿ ನಿಯಂತ್ರಕರ ಸೂಚನೆ ಮೇರೆಗೆ ಎಚ್‌ಎಸ್‌ಬಿಸಿಯೂ ನಿಲ್ಲಿಸ್ತು. ಸಂಕೇತ ಇಲ್ಲದೆ ಸಾಲ ಕೊಡೋದು ಸುರಕ್ಷಿತ ಅಲ್ಲ ಅಂತ ಉಳಿದ ಬ್ಯಾಂಕುಗಳಿಗೂ ಒತ್ತಡ ಬಂತು. ಕೆಂಟಕಿಯ ರಿಪಬ್ಲಿಕ್ ಬ್ಯಾಂಕ್ ಸ್ವಲ್ಪ ಜಗಳ ಆಡಿ, 2011ರ ಡಿಸೆಂಬರಲ್ಲಿ ರಾಜಿಯಾಗಿ, 2012ರ ಸೀಸನ್ ಮುಗಿದ ಮೇಲೆ ಬಾಗಿಲು ಹಾಕ್ತು. ಹಳೇ ರೀತಿಯ ಬ್ಯಾಂಕ್ ರಿಫಂಡ್ ಸಾಲದ ಕಥೆ ಅಲ್ಲಿಗೆ ಮುಗೀತು.

ಗಮನಿಸಿ: ಇದನ್ನ ಸಂಸತ್ತು ನಿಷೇಧ ಮಾಡಲಿಲ್ಲ. ಸರ್ಕಾರ ತಾನು ಕೊಡ್ತಿದ್ದ ಮಾಹಿತಿ ನಿಲ್ಲಿಸ್ತು, ನಿಯಂತ್ರಕರು ‘ಹಾಗಾದ್ರೆ ಇದು ಅಪಾಯ’ ಅಂದ್ರು. ಅಷ್ಟಕ್ಕೇ ಗೋಡೆ ಬಿತ್ತು.

ಆಮೇಲೆ? 2015ರ ಕೊನೇಲಿ ಇನ್ನೊಂದು ಕಾನೂನು ಬಂತು. ಮೋಸ ತಡೆಯೋಕೆ, ಬಡ ಕುಟುಂಬಗಳ ಆ ಕ್ರೆಡಿಟ್ ಇರೋ ರಿಫಂಡುಗಳನ್ನ ಫೆಬ್ರವರಿ 15ರ ಮುಂಚೆ ಕೊಡಬಾರದು ಅಂತ. 2017ರಿಂದ ಜಾರಿ. ಉದ್ದೇಶ ಒಳ್ಳೇದೇ, ಆದ್ರೆ ಅತಿ ಅವಸರ ಇದ್ದವರಿಗೇ ಕಾಯೋ ದಿನ ಹೆಚ್ಚಾಯ್ತು. ಆ ಸಂದಿಯಲ್ಲಿ ‘ರಿಫಂಡ್ ಅಡ್ವಾನ್ಸ್’ ಬೆಳೀತು. ದೊಡ್ಡ ಅಂಗಡಿಗಳು ಬಡ್ಡಿ ಇಲ್ಲ, ಫೀಸು ಇಲ್ಲ ಅಂತ ಕೊಡ್ತವೆ. ಬ್ಯಾಂಕಿಗೆ ಆಗೋ ಖರ್ಚು ಅಂಗಡಿಯೇ ಭರಿಸುತ್ತೆ. ಸಾಮಾನ್ಯವಾಗಿ ರಿಫಂಡ್ ಬರದಿದ್ರೂ ಗಿರಾಕಿ ಮೇಲೆ ಬೀಳಲ್ಲ. ಇದು ಹಳೇದಕ್ಕಿಂತ ನಿಜಕ್ಕೂ ಉತ್ತಮ. ಆದ್ರೆ ಆ ‘ಬಿಟ್ಟಿ’ ಸಾಲ ಬೇಕಂದ್ರೆ ರಿಟರ್ನ್ ಅಲ್ಲೇ ಬರೆಸಬೇಕು, ಅದರ ಫೀಸು ಬಿಟ್ಟಿ ಅಲ್ಲ. ಜೊತೆಗೆ ಹೆಚ್ಚಿನ ಮೊತ್ತಕ್ಕೆ, ಅಥವಾ ರಿಟರ್ನ್ ಹಾಕೋ ಮುಂಚೇನೇ ಪೇ ಸ್ಲಿಪ್ ತೋರಿಸಿ ತಗೊಳ್ಳೋ ಸಾಲಕ್ಕೆ, 36% ಹತ್ತಿರದ ಬಡ್ಡಿ ಹಾಕೋ ಮಾದರಿಗಳೂ ಬಂದಿವೆ.

10/10: ಹಾಗಾದ್ರೆ ಜಾಣತನವಾ?

ಇಷ್ಟು ಓದಿದ ಮೇಲೆ ನನಗೆ ಅನ್ನಿಸಿದ್ದು ಇದು. ರಿಫಂಡ್ ಸಾಲದಲ್ಲಿ ನಾವು ಕೊಂಡುಕೊಳ್ಳೋದು ದುಡ್ಡನ್ನಲ್ಲ, ದುಡ್ಡು ಹೇಗಿದ್ರೂ ನಮ್ಮದೇ. ಕೊಂಡುಕೊಳ್ಳೋದು ದಿನಗಳನ್ನ. ಹಾಗಾಗಿ ಕೇಳಬೇಕಾದ್ದು ‘ಎಷ್ಟು ಪರ್ಸೆಂಟ್’ ಅಂತ ಮಾತ್ರ ಅಲ್ಲ. ಎಷ್ಟು ದಿನಕ್ಕೆ ಎಷ್ಟು ಕೊಡ್ತಿದ್ದೀನಿ, ಆ ದಿನಗಳು ಕಾದ್ರೆ ನನಗೆ ಆಗೋ ನಷ್ಟ ಎಷ್ಟು?

ಕಾದ್ರೆ ಮನೆ ಹೋಗುತ್ತೆ, ಕರೆಂಟ್ ಕಟ್ ಆಗುತ್ತೆ ಅಂದ್ರೆ, ಬಡ್ಡಿ ಇಲ್ಲದ ಅಡ್ವಾನ್ಸ್ ತಗೊಳ್ಳೋದು ತಪ್ಪಲ್ಲ. ಕಾದ್ರೆ ಹೊಸ ಟಿವಿ ಎರಡು ವಾರ ತಡ ಆಗುತ್ತೆ ಅಷ್ಟೇ ಅಂದ್ರೆ, ನೂರಕ್ಕೆ ಹತ್ತರ ಬಡ್ಡಿ ಶುದ್ಧ ದಂಡ. ಇನ್ನು ರಿಫಂಡ್ ಮೊತ್ತವೇ ಖಚಿತ ಇಲ್ಲದಿದ್ರೆ, ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಕೂಸಿನ ತಲೆ ಅಳತೆ ಗೊತ್ತಿಲ್ಲ, ದರ್ಜಿಗೆ ಮಾತ್ರ ಕಾಸು ಕೊಟ್ಟಾಗಿದೆ.

ಆದ್ರೆ ಚರಿತ್ರೆ ಹೇಳೋ ದೊಡ್ಡ ಮಾತು ಬೇರೆ ಇದೆ. ಆ ಸಾಲ ಬದುಕಿದ್ದು ಮೂರು ಕಾರಣಕ್ಕೆ: ದುಡ್ಡು ಜಾಸ್ತಿ ಮುರಿದದ್ದು, ವಾಪಸ್ ಬರೋದು ತಡ ಆದದ್ದು, ಫಾರಂ ತುಂಬೋಕೆ ಕಾಸು ಕೊಡಬೇಕಾದದ್ದು. ಮೂರನ್ನೂ ಕಡಿಮೆ ಮಾಡಬಹುದು. 2021ರ ಜುಲೈನಿಂದ ಡಿಸೆಂಬರ್ ತನಕ ಅಮೆರಿಕ ಸರ್ಕಾರ ಮಕ್ಕಳ ಕ್ರೆಡಿಟ್ಟಿನ ಅರ್ಧವನ್ನ ತಿಂಗಳು ತಿಂಗಳು ಖಾತೆಗೆ ಹಾಕ್ತು. ಮಾಲೀಕರ ಮುಂದೆ ಫಾರಂ ಹಿಡ್ಕೊಂಡು ನಿಲ್ಲೋ ಕೆಲಸ ಇರಲಿಲ್ಲ. ಮುಂಗಡ ಕೊಡೋಕೆ ಆಗುತ್ತೆ ಅಂತ ಆ ಆರು ತಿಂಗಳು ತೋರಿಸಿದ್ವು. ಇನ್ನು ಫಾರಂ ವಿಷಯಕ್ಕೆ ಬಂದ್ರೆ, 1969ರಿಂದ ಅಲ್ಲಿ ಸ್ವಯಂಸೇವಕರು ಬಡವರಿಗೆ ಬಿಟ್ಟಿಯಾಗಿ ರಿಟರ್ನ್ ಬರೆದುಕೊಡೋ ಕಾರ್ಯಕ್ರಮ ಇದೆ. ಅವರಲ್ಲಿ ಎಷ್ಟೋ ಜನ ಕಾಲೇಜಿನ ಅಕೌಂಟಿಂಗ್ ವಿದ್ಯಾರ್ಥಿಗಳು. 1955ರಲ್ಲಿ ಮುಚ್ಚಿದ ಆ ಬಿಟ್ಟಿ ಕೌಂಟರನ್ನ ಸ್ವಲ್ಪ ಮಟ್ಟಿಗೆ ಮತ್ತೆ ತೆರೆದವರಲ್ಲಿ ನಮ್ಮಂಥವರೂ ಇದ್ದಾರೆ.

ಈಗ ಅಮ್ಮನ ಉಂಗುರಕ್ಕೆ ಬರೋಣ. ಇಡೀ ದೇಶದ ಇ-ರಿಟರ್ನ್ ಪ್ರೊಸೆಸ್ ಆಗೋದು ನಮ್ಮ ಬೆಂಗಳೂರಿನ ಸಿಪಿಸಿಯಲ್ಲೇ. ಅಮ್ಮನ ರಿಫಂಡ್ ಸೆಪ್ಟೆಂಬರಲ್ಲಿ ಬಂತು. 6,200ಕ್ಕೆ ಇಲಾಖೆ ತಿಂಗಳಿಗೆ ನೂರಕ್ಕೆ ಅರ್ಧ ರೂಪಾಯಿ ಲೆಕ್ಕದಲ್ಲಿ ಏಪ್ರಿಲಿನಿಂದ ಆರು ತಿಂಗಳ ಬಡ್ಡಿ ಸೇರಿಸಿತ್ತು: 186 ರೂಪಾಯಿ. ಉಂಗುರದ ಸಾಲಕ್ಕೆ ನೂರಕ್ಕೆ ಒಂದೂವರೆ, 6,000ಕ್ಕೆ ಮೂರು ತಿಂಗಳು: 270 ರೂಪಾಯಿ. ನಷ್ಟ 84 ರೂಪಾಯಿ. ಫೀಸ್ ತಡ ಆಗಿದ್ರೆ ಕಾಲೇಜಿನ ದಂಡ ಅದಕ್ಕಿಂತ ಜಾಸ್ತಿ ಇರ್ತಿತ್ತು. ಅಂದ್ರೆ ಜೂನ್‌ನಲ್ಲಿ ಅಮ್ಮ ಮಾಡಿದ್ದು ಸರಿಯೇ. ತಪ್ಪಾಗಿದ್ದು ಅದಕ್ಕೂ ಮುಂಚೆ, ವರ್ಷದ ಶುರುವಿನಲ್ಲಿ. ‘ನನಗೆ ತೆರಿಗೆ ಬೀಳಲ್ಲ, ಟಿಡಿಎಸ್ ಮುರೀಬೇಡಿ’ ಅನ್ನೋ 15ಜಿ ಫಾರಂ ಬ್ಯಾಂಕಿಗೆ ಕೊಟ್ಟಿದ್ರೆ ಆ ದುಡ್ಡು ಅಮ್ಮನ ಹತ್ರಾನೇ ಇರ್ತಿತ್ತು. ಆ ಫಾರಂ ತುಂಬಿಕೊಡಬೇಕಿದ್ದವನು ನಾನು.

ಈ ಏಪ್ರಿಲಲ್ಲಿ ಕೊಟ್ಟು ಬಂದೆ. ಪಕ್ಕದ ಮನೆ ಇಬ್ಬರು ಆಂಟಿಯರದ್ದೂ ಸೇರಿಸಿ.

ನಿಮ್ಮನೇಲಿ ಯಾರ ಎಫ್‌ಡಿಗಾದ್ರೂ ಸುಮ್ಮನೆ ಟಿಡಿಎಸ್ ಮುರೀತಿದ್ಯಾ? ಇವತ್ತೇ ಪಾಸ್‌ಬುಕ್ ತೆಗೆದು ನೋಡಿ. ಡೌಟ್ ಇದ್ರೆ ಕಾಮೆಂಟಲ್ಲಿ ಕೇಳಿ, ಗೊತ್ತಿರೋದು ಹೇಳ್ತೀನಿ.

#ದುಡ್ಡಿನಚರಿತ್ರೆ #ಕನ್ನಡ #ಬಿಕಾಂ #ತೆರಿಗೆ #ರಿಫಂಡ್